ತೊಂಬತ್ತಾರು, ಎಲ್ಲರೂ ಹಾಜರ್

ಬೆಳಗಿನ ಏಳರ ಗಂಟೆ ಬಾರಿಸಿತು, ಆರ್ವಿಲ್ ಬರಲಿಲ್ಲ. ಸಲೂದ್ ಬೇಲಿಯ ಕಡೆಗೊಮ್ಮೆ ನೋಡಿ, ತುಟಿ ಕಚ್ಚಿಕೊಂಡು, ತನ್ನ ಬ್ಯಾರಕ್ಕಿನ ಜನರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸತೊಡಗಿದಳು. ಹಿಂದಿನ ಸಂಜೆ ಅವಳ ಗಂಡ ತಂತಿಬೇಲಿಯ ಕೆಳಗೆ ನುಸುಳಿ ಹೊರಗೆ ಹೋಗಿದ್ದ. ಪಕ್ಕದ ಹಳ್ಳಿಯಲ್ಲಿ ಅವಳ ಚಿಕ್ಕಪ್ಪನ ಮಗ ಆನ್ಸೆಲ್ಮೊ ಒಂದಿಷ್ಟು ಅಕ್ಕಿ, ಒಣಮೀನು ಎತ್ತಿಟ್ಟಿರುತ್ತಿದ್ದ. ಕೋಳಿ ಕೂಗುವ ಹೊತ್ತಿಗೆ ವಾಪಸು ಬರಬೇಕಿತ್ತು. ಹೋದ ತಿಂಗಳು ತೆಂಗಿನಕಾಯಿ ತಬ್ಬಿಕೊಂಡು ತಡವಾಗಿ ಬಂದವನೊಬ್ಬನನ್ನು ಜಪಾನಿಗಳು ಬೇಲಿಯ ಬುಡದಲ್ಲೇ ಗುಂಡಿಕ್ಕಿ ಕೊಂದಿದ್ದರು.

ಹಾಗೆ ನೋಡಿದರೆ ಸಲೂದ್ ಈ ಶಿಬಿರದಲ್ಲಿ ಇರಬೇಕಾದವಳೇ ಅಲ್ಲ. ಯುದ್ಧದಲ್ಲಿ ಜಪಾನಿಗಳು ಮನಿಲಾಕ್ಕೆ ಬಂದಾಗ ಹಿಡಿದು ಕೂಡಿಹಾಕಿದ್ದು ಬಿಳಿಯರನ್ನು, ಇವಳಂಥ ಊರಿನವರನ್ನಲ್ಲ. ಅಮೆರಿಕದವನಾದ ಆರ್ವಿಲ್, ಗಣಿಗಳಿಗೆ ಭೂಮಿ ಅಳೆಯುತ್ತಿದ್ದವನು, ಲಾರಿ ಹತ್ತಿದ. ಇವಳು ಚಾಪೆ ಸುತ್ತಿಕೊಂಡು ಹಿಂದೆಯೇ ಹತ್ತಿದಳು. "ನಿನ್ನನ್ನು ಯಾರು ಕರೆದರು ಅಂತ ಜೈಲಿಗೆ ಹೋಗ್ತಿದ್ದೀಯೇ, ಹುಚ್ಚೀ!" ಎಂದು ಅವಳಮ್ಮ ಬೀದಿಯಲ್ಲೇ ಬಾಯಿ ಬಡಿದುಕೊಂಡಿದ್ದಳು. ಅದಾಗಿ ಮೂರು ವರ್ಷ. ಹಿಂದೆ ಜಪಾನಿ ಬಟ್ಟೆ ವ್ಯಾಪಾರಿಯ ಪಕ್ಕ ಅಂಗಡಿ ಇಟ್ಟುಕೊಂಡಿದ್ದರಿಂದ ಅವಳಿಗೆ ಅವರ ಭಾಷೆಯಲ್ಲಿ ಎಣಿಸುವುದು ಬರುತ್ತಿತ್ತು. ಅಷ್ಟಕ್ಕೇ ಅವಳನ್ನು ಬ್ಯಾರಕ್ಕಿನ ಮುಖಂಡಳನ್ನಾಗಿ ಮಾಡಿದ್ದರು. ದಿನಕ್ಕೆರಡು ಬಾರಿ ಸೊಂಟ ಬಗ್ಗಿಸಿ ವಂದಿಸಿ, ತಲೆ ಎತ್ತದೆ ಒಪ್ಪಿಸಬೇಕು: "ತೊಂಬತ್ತಾರು, ಎಲ್ಲರೂ ಹಾಜರ್."

ಆರ್ವಿಲ್ ಹೊರಗೆ ಹೋಗಿ ತಡಮಾಡಿದ ಹನ್ನೊಂದು ಬೆಳಗು ಅವಳು ಇದೇ ಸುಳ್ಳನ್ನು ಹೇಳಿದ್ದಳು. ಕಾವಲಿನವನು ಮುಂದಿನ ಸಾಲು ಮಾತ್ರ ನೋಡುತ್ತಿದ್ದುದರಿಂದ ಅದು ದಕ್ಕಿತ್ತು. ಶಿಬಿರದಲ್ಲಿ ಕೊಡುತ್ತಿದ್ದುದು ಕುಟ್ಟದ ಭತ್ತ, ಅದೂ ಒಬ್ಬರಿಗೆ ಒಂದು ಹಿಡಿ. ಕುಟ್ಟಿ ಕೇರಲು ಗೊತ್ತಿಲ್ಲದವರು ಹೊಟ್ಟಿನ ಸಮೇತ ನುಂಗಿ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದರು. ಹಸಿವೆಗೆ ಹೆದರಬೇಕೋ ಗುಂಡಿಗೆ ಹೆದರಬೇಕೋ ತಿಳಿಯದೆ ಅವಳು ಗಂಡನನ್ನು ಕಳಿಸುತ್ತಿದ್ದಳು. ತಮ್ಮ ಮೂಲೆಯಲ್ಲಿ ಬಿದಿರು ನೆಲದ ಕೆಳಗೆ ಇಬ್ಬರೂ ಒಂದು ಗುಂಡಿ ತೋಡಿದ್ದರು. ತಡವಾದರೆ ಹೊರಗಿನಿಂದಲೇ ಅದರೊಳಗೆ ತೂರಿಕೊಳ್ಳಬೇಕು. "ನಾನು ಮೂರು ಸಲ ಕಾಲು ಕುಟ್ಟೋವರೆಗೂ ಆಕಾಶ ಕಳಚಿ ಬಿದ್ರೂ ಮೇಲೆ ಬರಬೇಡ" ಎಂದು ಆಣೆ ಹಾಕಿಸಿದ್ದಳು. ಇವತ್ತು ಗಂಟೆಗೆ ಮುಂಚೆ ಮೂರು ಸಲ ಕುಟ್ಟಿ ನೋಡಿದ್ದಳು. ಗುಂಡಿ ಖಾಲಿ ಇತ್ತು.

ಅವಳು ಬಗ್ಗಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ಸರೋವರದ ಕಡೆಯಿಂದ ವಿಮಾನಗಳ ಸದ್ದು ಬಂತು. ತಲೆ ಎತ್ತಿದರೆ ಆಕಾಶದ ತುಂಬ ಕೊಡೆಗಳು, ಕೊಡೆಗಳಿಗೆ ಜೋತುಬಿದ್ದ ಮನುಷ್ಯರು. ಅದೇ ಗಳಿಗೆಗೆ ಬೇಲಿಯಾಚೆಯಿಂದ ಗುಂಡು ಹಾರಿತು. ಎದುರಿಗಿದ್ದ ಕಾವಲಿನವನು ಕುಸಿದ. ಜನರೆಲ್ಲ ಚರಂಡಿಗೆ ಉರುಳಿದರು. ಸಲೂದ್ ಕೆಸರಿನಲ್ಲಿ ಮುಖ ಹುದುಗಿಸಿ, ಆರ್ವಿಲ್ ಹೊರಗೇ ಇರಲಿ ದೇವರೇ, ಹೊರಗೇ ಇರಲಿ, ಎಂದು ಬೇಡಿಕೊಂಡಳು.

ಕಾಲು ಗಂಟೆಯಲ್ಲಿ ಗುಂಡಿನ ಸದ್ದು ದೂರವಾಯಿತು. ದೊಡ್ಡ ದೊಡ್ಡ ಅಮೆರಿಕನ್ ಸೈನಿಕರು ಓಡಿ ಬಂದರು. "ಹೊರಡಿ, ಹೊರಡಿ! ಗುಡ್ಡದಾಚೆ ಜಪಾನಿ ಪಡೆ ಇದೆ, ಇನ್ನೆರಡು ಗಂಟೇಲಿ ಇಲ್ಲಿಗೆ ಬರುತ್ತೆ!"

ಜನ ಹೊರಟರೆ ತಾನೇ! ಮೂರು ವರ್ಷ ಬಿಡುಗಡೆಗೆ ಹಂಬಲಿಸಿದವರು ಈಗ ಒಳಗೆ ನುಗ್ಗಿ ಗಂಟು ಕಟ್ಟತೊಡಗಿದರು. ಮುದುಕಿ ಮಿಸೆಸ್ ಪೆಟಿಗ್ರೂ ಪಿಂಗಾಣಿ ಟೀ ಪಾತ್ರೆಗೆ ಲಂಗ ಸುತ್ತುತ್ತ ಕೂತಿದ್ದಳು.

"ಏಳಿ ಅಮ್ಮಾ! ಜೀವಕ್ಕಿಂತ ಅದು ಹೆಚ್ಚಾಯ್ತಾ?"

"ಮೂರು ವರ್ಷ ನಾನು ಅವರಿಗೆ ಕಾದಿದ್ದೀನಿ. ಮೂರು ನಿಮಿಷ ಅವರು ನನಗೆ ಕಾಯಲಿ."

ಸಲೂದ್ ಅವಳನ್ನು ಪಾತ್ರೆಯ ಸಮೇತ ದರದರ ಎಳೆದು ಹೊರಗೆ ತಂದಳು. ಸೈನಿಕರಿಗೂ ಸಾಕಾಗಿಹೋಗಿತ್ತು. ಈ ಜನ ಹೊರಗೆ ಬರಬೇಕಾದರೆ ಬ್ಯಾರಕ್ಕಿಗೆ ಬೆಂಕಿ ಹಚ್ಚುವುದೊಂದೇ ದಾರಿ ಎಂದುಕೊಂಡರು. ಒಬ್ಬ ಕೈಯಲ್ಲಿ ಪಂಜು ಹಿಡಿದು ಅವಳೆದುರು ನಿಂತು ಗದರಿದ, "ಇದರಲ್ಲಿ ಎಲ್ಲರೂ ಹೊರಗೆ ಬಂದರಾ?"

ಗದರುವ ದನಿ, ಬಂದೂಕು, ಎಣಿಕೆಯ ಪ್ರಶ್ನೆ. ಸಲೂದಳ ಸೊಂಟ ತಾನಾಗಿಯೇ ಬಗ್ಗಿತು. ಬಾಯಿ ತಾನಾಗಿಯೇ ಹೇಳಿತು, "ತೊಂಬತ್ತಾರು, ಎಲ್ಲರೂ ಹಾಜರ್."

ಅವಳು ಬಗ್ಗಿದ್ದನ್ನೇ ಹೌದೆಂದು ತಿಳಿದು ಅವನು ಪಂಜು ತಾಗಿಸಿದ. ತಾಳೆಗರಿಯ ಮಾಡು ಧಗ್ಗನೆ ಹೊತ್ತಿಕೊಂಡಿತು.

ಆಗ ಸೈನಿಕರ ಜೊತೆ ಬೇಲಿಯಾಚೆಯಿಂದ ನುಗ್ಗಿ ಬಂದಿದ್ದ ಊರಿನ ಗೆರಿಲ್ಲಾಗಳ ಗುಂಪಿನಿಂದ ಮಚ್ಚು ಹಿಡಿದ ಆನ್ಸೆಲ್ಮೊ ಓಡಿ ಬಂದ. "ಅಕ್ಕಾ! ಬದುಕಿದ್ದೀಯಾ! ಭಾವ ಎಲ್ಲಿ?"

"ನಿನ್ನ ಹತ್ರ ತಾನೇ ಇದ್ದಿದ್ದು!"

"ಇಲ್ಲಕ್ಕಾ. ಏಳರ ಗಂಟೆ ಹೊಡೆಯುವಾಗ ನಾನೇ ಬೇಲಿ ಎತ್ತಿ ಹಿಡಿದೆ. ಮೂಟೆ ಸಮೇತ ಬ್ಯಾರಕ್ಕಿನ ಕೆಳಗೆ ತೆವಳಿ ಹೋಗಿದ್ದನ್ನ ಕಣ್ಣಾರೆ ನೋಡಿದೆ."

ಸಲೂದ್ ಉರಿಯುವ ಬ್ಯಾರಕ್ಕಿನ ಕಡೆ ತಿರುಗಿದಳು. ಆಕಾಶವೇ ಕಳಚಿ ಬಿದ್ದಿತ್ತು. ಆ ಮಾತಿಗೆ ತಪ್ಪದ ಮನುಷ್ಯ ಇನ್ನೂ ಗುಂಡಿಯಲ್ಲಿ ಅವಳ ಕಾಲಿನ ಸದ್ದಿಗೆ ಕಾಯುತ್ತಿದ್ದ. ಬೆಂಕಿ ಹಚ್ಚಿಸಿದ್ದು ಅವಳೇ.

ಸೈನಿಕ ರಟ್ಟೆ ಹಿಡಿದ. ಅವಳು ಕೈ ಕಚ್ಚಿ ಬಿಡಿಸಿಕೊಂಡು ಒಳಗೆ ಓಡಿದಳು. ಹೊಗೆಯಲ್ಲಿ ಏನೂ ಕಾಣಲಿಲ್ಲ. ಕೈಯಿಂದ ಗೋಡೆ ತಡವುತ್ತ ಕೊನೆಯ ಮೂಲೆಗೆ ಹೋಗಿ ಕಾಲು ಕುಟ್ಟಿದಳು. ಒಂದು. ಎರಡು. ಮೂರು. ಏನೂ ಅಲುಗಲಿಲ್ಲ. ಮೇಲಿಂದ ಉರಿಯುವ ಗರಿಗಳು ಬೆನ್ನ ಮೇಲೆ ಬೀಳುತ್ತಿದ್ದವು. "ಆರ್ವಿಲ್! ಬಾರೋ, ನಿನಗೆ ಕೈ ಮುಗೀತೀನಿ!" ಮತ್ತೆ ಕುಟ್ಟಿದಳು, ಎಷ್ಟು ಸಲವೋ, ಎಣಿಕೆ ತಪ್ಪಿತು. ಕಡೆಗೆ ಮಂಡಿಯೂರಿ ಬಿದಿರಿನ ದಬ್ಬೆಗಳನ್ನೇ ಕಿತ್ತಳು. ಕೆಳಗಿನಿಂದ ಒಂದು ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು.

ಕೆಮ್ಮುತ್ತ, ಅಕ್ಕಿಯ ಮೂಟೆ ತಬ್ಬಿಕೊಂಡೇ, ಅವನು ಮೇಲೆ ಬಂದ. ಪಿಸುಗುಟ್ಟಿ ಕೇಳಿದ, "ಎಣಿಕೆ ಮುಗೀತಾ?"

ಸರೋವರದ ದಡದಲ್ಲಿ ದೋಣಿ ಹತ್ತಿಸುವ ಅಧಿಕಾರಿ ಅವಳನ್ನು ಕರೆದ. ನಿಮ್ಮ ಬ್ಯಾರಕ್ಕಿನವರು ಎಷ್ಟು ಜನ ಎಂದು ಕೇಳಿದ. ಸಲೂದ್ ಈ ಸಲ ಬಗ್ಗಲಿಲ್ಲ. ಮರಳಿನ ಮೇಲೆ ಕೂತಿದ್ದ ಆರ್ವಿಲನ ಸುಟ್ಟ ಕೂದಲಿನ ಮೇಲೆ ಮೊದಲು ಅಂಗೈ ಇಟ್ಟಳು. ಆಮೇಲೆ ಪಕ್ಕದವರ ತಲೆ, ಅದರ ಪಕ್ಕದ್ದು. ಹೊತ್ತಾಯಿತೆಂದು ಅಧಿಕಾರಿ ಕೂಗಾಡಿದ. ಮಿಸೆಸ್ ಪೆಟಿಗ್ರೂ ಗೊಣಗಿದಳು. ಸಲೂದ್ ಯಾರ ಮಾತನ್ನೂ ಕೇಳದೆ, ಸುಟ್ಟ ಕೈಯಿಂದ ಒಂದೊಂದೇ ತಲೆ ಮುಟ್ಟುತ್ತ ಮುಂದೆ ಹೋದಳು.