ಆರನೇ ಪ್ರಶ್ನೆ

ಜೈಲಿನ ಸಮಾಲೋಚಕಿಗೆ ಕೈದಿಗಳು ಇಟ್ಟ ಹೆಸರು ಪ್ರಶ್ನೆ ಅಕ್ಕ. ಹದಿನಾರು ವರ್ಷದಿಂದ ಅದೇ ಕೋಣೆ, ಕಾಲು ಅಲ್ಲಾಡುವ ಅದೇ ಮೇಜು, ಅದೇ ಇಪ್ಪತ್ತೆರಡು ಪ್ರಶ್ನೆ. ಯಾರಿಗೆ ಚಟ, ಯಾರಿಗೆ ಮನಸ್ಸಿನ ಕಾಯಿಲೆ ಎಂದು ಗುರುತಿಸಿ ಹಾಳೆ ತುಂಬುವುದು ಆಕೆಯ ಕೆಲಸ. ಹಳಬರು ಹೊಸಬರಿಗೆ ಉತ್ತರ ಬಾಯಿಪಾಠ ಮಾಡಿಸುತ್ತಾರೆಂದು ಆಕೆಗೂ ಗೊತ್ತಿತ್ತು. ಗೊತ್ತಿದ್ದು ಮಾಡುವುದೇನು? ಮಧ್ಯಾಹ್ನ ದಾಟುವ ಹೊತ್ತಿಗೆ ಮಂಡಿ ಹಿಡಿದುಕೊಂಡು, ತಲೆ ಚಿಟ್ಟುಹಿಡಿದಿರುತ್ತಿತ್ತು.

ಅವತ್ತಿನ ಹನ್ನೊಂದನೆಯವನು ಚಪ್ಪಲಿ ಹೊಲಿಯುವ ವಿಭಾಗದವನು. ಕೆಂಪು ಕಣ್ಣು, ಬೆರಳ ತುದಿಯಲ್ಲಿ ಒಣಗಿದ ಅಂಟು. ಐದು ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ. ದಣಿವಿನಲ್ಲಿ ಆಕೆ ಆರನೆಯದನ್ನು ಹಾರಿಸಿ ಏಳನೆಯದನ್ನು ಕೇಳಿಬಿಟ್ಟಳು.

"ಅಮಲು ಬರೋದು ಏನಾದ್ರೂ ತಗೋತೀಯಾ?"

"ಹೌದಕ್ಕ. ಸಂಜೆಯಾದ್ರೆ ನಮ್ಮಮ್ಮ ಕರೀತಾಳೆ. ಸತ್ತು ಆರು ವರ್ಷ ಆಯ್ತು."

ಯಾರೂ ಇಲ್ಲದಾಗ ದನಿ ಕೇಳುತ್ತದೆಯೇ ಎಂಬ ಆರನೇ ಪ್ರಶ್ನೆಯ ಉತ್ತರವಿದು. ಆಕೆಗೆ ನಗು ಬಂತು. ಅವನ ಮುಖ ಮಾತ್ರ ಬಿಳಿಚಿಕೊಂಡಿತು. ಆಕೆ ಪೆನ್ನು ಕೆಳಗಿಟ್ಟಳು.

"ಗಿಳಿಪಾಠ ಸಾಕು. ನಿಜ ಹೇಳಪ್ಪ."

"ಅಮ್ಮ ಕರೆಯೋದು ಸುಳ್ಳಲ್ಲಕ್ಕ. ಏಳನೇದಕ್ಕೆ ಇಲ್ಲ ಅನ್ನು ಅಂತ ಹೇಳಿಕೊಟ್ಟಿದ್ರು, ಸುಳ್ಳು ಅಂದ್ರೆ ಅದೇ. ಅಂಟು ಮೂಸ್ತೀನಿ. ಮೂಸಿದ್ರೆ ಅಮ್ಮ ಸ್ವಲ್ಪ ದೂರ ಹೋಗ್ತಾಳೆ."

"ಮೊದಲೇ ಹೇಳೋಕೇನು ಧಾಡಿ?"

"ಹೋದ ವರ್ಷ ಹೇಳಿದ್ನಲ್ಲ. ಎರಡಕ್ಕೂ ಗುರುತು ಹಾಕಿದ್ರು. ಆಸ್ಪತ್ರೆಯವ್ರು ಚಟ ಬಿಟ್ಟು ಬಾ ಅಂದ್ರು. ಚಟ ಬಿಡಿಸೋರು ದನಿ ನಿಂತ ಮೇಲೆ ಬಾ ಅಂದ್ರು. ಆರು ತಿಂಗಳು ಅಲೆದೆ. ಒಂದಿನ ಅಮ್ಮ ಬಾ ಅಂದ್ಳು, ಹೊರಟೇಬಿಟ್ಟಿದ್ದೆ. ಪಕ್ಕದವನು ನೋಡಿದ್ದಕ್ಕೆ ಉಳಕೊಂಡೆ."

"ಆ ಹಾಳೆ ಬರೆದವರು ಯಾರು?"

ಅವನು ನೆಲ ನೋಡಿದ. "ನೀವೇ ಅಕ್ಕ."

ಆಕೆ ಬೀರುವಿನಿಂದ ಹಳೆಯ ಕಡತ ತೆಗೆದಳು. ತನ್ನದೇ ದುಂಡು ಸಹಿ, ಎರಡು ಅಚ್ಚುಕಟ್ಟಾದ ಗುರುತು. ಎಷ್ಟು ಕೆದಕಿದರೂ ಇವನ ಮುಖ ನೆನಪಾಗಲಿಲ್ಲ. ಆಕೆಗೆ ನಾಚಿಕೆಯಾಯಿತು.

ಅಂಟಿನ ವಿಷಯ ಮುಚ್ಚಿಟ್ಟರೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುತ್ತದೆ. ಆದರೆ ಅಂಟಿನ ಅಮಲಿನ ಮೇಲೆ ಅಲ್ಲಿಯ ಮಾತ್ರೆ ಬಿದ್ದರೆ ಇವನ ಎದೆ ತಡೆಯುವುದಿಲ್ಲ. ಬರೆದರೆ ಮತ್ತೆ ಎತ್ತು ಏರಿಗೆ, ಕೋಣ ನೀರಿಗೆ. ಆಕೆ ಎರಡಕ್ಕೂ ಗುರುತು ಹಾಕಿದಳು.

"ಮತ್ತೆ ಅದೇ ಅಲ್ವಾ ಅಕ್ಕ?" ಅವನ ದನಿ ಉಡುಗಿತು.

ತುಂಬಿದ ಹಾಳೆಗಳೆಲ್ಲ ಮೇಜಿನ ಮೇಲಿನ ತಟ್ಟೆಗೆ ಬೀಳಬೇಕು, ಸಂಜೆ ಜವಾನ ಒಯ್ಯಬೇಕು. ಹದಿನಾರು ವರ್ಷ ನಡೆದದ್ದು ಹಾಗೆ. ಆಕೆ ಈ ಹಾಳೆಯನ್ನು ಕೈಯಲ್ಲೇ ಹಿಡಿದು ಎದ್ದಳು. "ನಡಿ," ಎಂದಳು. ಕಾವಲುಗಾರನನ್ನೂ ಕರೆದುಕೊಂಡು, ಮಂಡಿ ಎಳೆಯುತ್ತ ಅಂಗಳ ದಾಟಿ ಜೈಲಿನ ಆಸ್ಪತ್ರೆಗೆ ಹೋದಳು.

"ಹಾಳೆ ಕೊಟ್ಟು ಹೋಗಿ ಮೇಡಂ, ನೋಡೋಣ," ಎಂದಳು ಆಸ್ಪತ್ರೆಯ ನರ್ಸು.

"ಕೊಡಲ್ಲ. ಡಾಕ್ಟ್ರು ಬರ್ಲಿ. ಚಟ ಬಿಡಿಸೋರನ್ನೂ ಇಲ್ಲಿಗೇ ಕರೀರಿ. ಇಬ್ರೂ ನನ್ನೆದುರಿಗೇ ಮಾತಾಡ್ಲಿ."

ಬೆಂಚಿನ ಮೇಲೆ ಕೂತರು. ಯಾರೂ ಬರಲಿಲ್ಲ. ಕಿಟಕಿಯ ಬೆಳಕು ಕಂದಿತು.

"ವಾಪಸ್ ಕಳಿಸಿದ್ರೆ ಅಕ್ಕ?"

"ಕಳಿಸೋದಾದ್ರೆ ಇಬ್ರನ್ನೂ ಕಳಿಸ್ಲಿ."

ಅವನು ಯಾರೋ ಕರೆದಂತೆ ಕಿಟಕಿಯತ್ತ ತಿರುಗಿದ. ಆಕೆಗೆ ಆಗ ನೆನಪಾಯಿತು, ಆರನೆಯದನ್ನು ಇನ್ನೂ ಕೇಳಿಯೇ ಇಲ್ಲ.

"ಅಮ್ಮ ಕರೀತಿದ್ದಾಳೇನೋ?"

"ಹೂಂ ಅಕ್ಕ."

"ಅಕ್ಕನ ಜೊತೆ ಕೂತಿದೀನಿ, ಈಗ ಬರಕ್ಕಾಗಲ್ಲ ಅಂತ ಹೇಳು."