ಯಂತ್ರ ನಿಂತ ಜಾಗಗಳು

“ಎರಡನೆಯದಾಗಿ, ಆಕೆ ಶ್ರಮಜೀವಿ,” ಎಂದವರೇ ಬೆಂಕಿ ಮೇಷ್ಟ್ರು ಮಾತು ನಿಲ್ಲಿಸಿ ಹೊಲಿಗೆ ಯಂತ್ರದ ಕಡೆ ನೋಡಿದರು. ಯಂತ್ರದ ಮುಂದಿನ ಸ್ಟೂಲು ಖಾಲಿಯಿತ್ತು. ಅದರ ಮೇಲೆ ಕೂರುತ್ತಿದ್ದ ಅವರ ಹೆಂಡತಿಯನ್ನು ಮುಂದಿನ ಕೋಣೆಯಲ್ಲಿ ಮಲಗಿಸಿ ಬಿಳಿಯ ಬಟ್ಟೆ ಹೊದಿಸಿದ್ದರು.

ಗಾಡಿ ಬರುವ ಮೊದಲು ನಾಲ್ಕು ಮಾತಾಡಿ ಎಂದು ಮಗಳು ಕೇಳಿಕೊಂಡಿದ್ದಳು. ಮೇಷ್ಟ್ರು ಒಂದು ಹಾಳೆಯಲ್ಲಿ ಅಂಶಗಳನ್ನು ಬರೆದುಕೊಂಡು ಹಿಂದಿನ ಕೋಣೆಗೆ ಬಂದಿದ್ದರು. ಬಾಗಿಲು ಓರೆ ಮಾಡಿ, ಬೀರುವಿಗೆ ಬೆನ್ನು ಕೊಟ್ಟು, ಎಂದಿನ ಜಾಗದಲ್ಲೇ ನಿಂತಿದ್ದರು. ಮೊದಲನೆಯದು ಆಕೆಯ ಶಿಸ್ತು, ಎರಡನೆಯದು ಶ್ರಮ, ಮೂರನೆಯದು ಮಿತವ್ಯಯ. ಹಾಳೆಯಲ್ಲಿ ಕುಂದೇನೂ ಇರಲಿಲ್ಲ. ಆದರೆ ಎರಡನೆಯದಕ್ಕೆ ಬರುವಷ್ಟರಲ್ಲಿ ಧ್ವನಿ ಏರಬೇಕೋ ಇಳಿಯಬೇಕೋ ತಿಳಿಯದೆ ತಡವರಿಸುತ್ತಿತ್ತು. ನಿಶ್ಶಬ್ದದಲ್ಲಿ ಅಭ್ಯಾಸ ಮಾಡಿ ಅವರಿಗೆ ಗೊತ್ತೇ ಇರಲಿಲ್ಲ.

ಬೆಂಕಿ ನಂದಿಸುವ ಸಿಲಿಂಡರುಗಳನ್ನು ಮಾರುವ ಕಂಪನಿಯಲ್ಲಿ ಅವರು ದುಡಿದಿದ್ದರು. ಕಾರ್ಖಾನೆ, ಗೋದಾಮು, ಶಾಲೆಗಳಿಗೆ ಹೋಗಿ, ಬೆಂಕಿ ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಜನರ ಮುಂದೆ ನಿಂತು ಹೇಳುವುದೇ ಅವರ ಕೆಲಸ. ಮೇಷ್ಟ್ರು ಎಂಬ ಹೆಸರು ಅದರಿಂದ ಬಂದದ್ದು.

*

ಮದುವೆಯಾದ ಹೊಸತರಲ್ಲಿ ಕೊಟ್ಟ ಮೊದಲ ಭಾಷಣ ಮಣ್ಣುಪಾಲಾಗಿತ್ತು. ನಾಲಿಗೆ ಹೊರಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಕೆಲಸಗಾರ, “ಸ್ವಾಮಿ, ಮೊದಲು ನಿಮಗೇ ನೀರು ಹಾಕ್ಬೇಕು ಅನ್ಸುತ್ತೆ,” ಎಂದಾಗ ಇಡೀ ಶೆಡ್ಡು ನಕ್ಕಿತ್ತು.

ಮನೆಗೆ ಬಂದು ಮುಖ ಕೆಳಗೆ ಹಾಕಿ ಕೂತಿದ್ದ ಗಂಡನನ್ನು ನೋಡಿ ಅವಳು ಹೇಳಿದ್ದಳು: “ನನ್ನ ಮುಂದೆ ಒಂದ್ಸಲ ಹೇಳಿ ನೋಡೋಣ.”

“ನಿನಗೇನು ಅರ್ಥ ಆಗುತ್ತೆ ಅದೆಲ್ಲ?”

“ನನಗೆ ಅರ್ಥ ಆಗದೇ ಇದ್ರೆ ಅವರಿಗೂ ಆಗಲ್ಲ ಬಿಡಿ. ಆದ್ರೆ ಮಿಷನ್ ನಿಲ್ಸಲ್ಲ ರೀ, ಸಂಜೆಗೆ ಗಿರಾಕಿ ಬರ್ತಾಳೆ. ಇದರ ಸದ್ದಿನ ಮೇಲೆ ಕೇಳೋ ಹಾಗೆ ಹೇಳಿ.”

ಬೆಳಕಿಗಾಗಿ ಯಂತ್ರವನ್ನು ಕಿಟಕಿಗೆ ಎದುರಾಗಿ ಇಟ್ಟಿದ್ದರಿಂದ ಅವಳ ಬೆನ್ನು ಅವರ ಕಡೆಗಿತ್ತು. ಅವರು ಆ ಬೆನ್ನಿಗೆ ಮಾತಾಡಿದರು. ಯಂತ್ರದ ಸದ್ದನ್ನು ದಾಟಿ ಹೋಗಲು ಹೊಟ್ಟೆಯಿಂದ ಧ್ವನಿ ತೆಗೆಯುವುದನ್ನು ಕಲಿತರು, ಪ್ರತಿ ಪದವನ್ನೂ ಬಿಡಿಸಿ ಹೇಳುವುದನ್ನು ಕಲಿತರು. ಮುಖ ಕಾಣದವಳಿಗೆ ತಿಳಿಯಬೇಕಾದರೆ ವಾಕ್ಯ ನೇರವಾಗಿರಬೇಕೆಂದು ಅವರಿಗೆ ಮನದಟ್ಟಾಯಿತು.

ನಡುನಡುವೆ ಯಂತ್ರ ನಿಲ್ಲುತ್ತಿತ್ತು. ಮೊದಲ ಸಲ ನಿಂತಾಗ ಅವರು ಕೇಳಿದ್ದರು, “ಯಾಕೆ ನಿಲ್ಲಿಸಿದೆ?”

“ದಾರ ಕಿತ್ತೋಯ್ತು,” ಎಂದಿದ್ದಳು, ತಿರುಗದೆ.

ಎರಡನೆಯ ಸಲವೂ ಅದೇ ಮಾತಿಗೆ ನಿಂತಿತು. ಒಂದೇ ಜಾಗದಲ್ಲಿ ಎರಡು ಬಾರಿ ದಾರ ಕಿತ್ತುಹೋಗುವುದು ಅವರ ಲೆಕ್ಕಕ್ಕೆ ಒಗ್ಗಲಿಲ್ಲ. ಅಲ್ಲಿ ಮಾತು ಎಳೆದಿದೆ, ಕೇಳುವವಳಿಗೆ ಬೇಸರ ಬಂದಿದೆ, ಬಾಯಿಬಿಟ್ಟು ಹೇಳಲು ದಾಕ್ಷಿಣ್ಯಪಡುತ್ತಿದ್ದಾಳೆ ಎಂದು ಅವರು ತೀರ್ಮಾನಿಸಿದರು. ಅಂದಿನಿಂದ ಮತ್ತೆ ಕೇಳಲಿಲ್ಲ. ಯಂತ್ರ ನಿಂತರೆ ತಾವೂ ನಿಲ್ಲುತ್ತಿದ್ದರು, ಪೆನ್ಸಿಲ್ಲಿನಿಂದ ಆ ಜಾಗಕ್ಕೆ ಅಡ್ಡಗೀಟು ಹಾಕುತ್ತಿದ್ದರು, ಚಕ್ರ ಮತ್ತೆ ತಿರುಗಿದ ಮೇಲೆ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು. ಭಾಷಣ ಚೊಕ್ಕಟವಾಯಿತು. ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯ ಹಾಗೆ ಅದರಲ್ಲಿ ಒಂದು ಸುಕ್ಕೂ ಉಳಿಯಲಿಲ್ಲ.

*

ಮುಂದಿನ ಕೋಣೆಯ ಮಾತು ಓರೆ ಬಾಗಿಲಿನಿಂದ ಕೇಳಿಸುತ್ತಿತ್ತು.

“ನನ್ನ ಪ್ಯಾಂಟಿನ ಸೊಂಟ ಎಷ್ಟು ಸಲ ಬಿಚ್ಚಿ ಹೊಲಿದಿದ್ರೋ ಅವರು,” ಎಂದು ಪಕ್ಕದ ಬೇಕರಿಯವನು ಹೇಳುತ್ತಿದ್ದ. “ಕೊನೇಗೆ, ‘ಇನ್ನು ಬಿಚ್ಚೋಕೆ ಬಟ್ಟೆ ಇಲ್ಲಪ್ಪ, ನೀನು ಮಾಡಿದ್ದನ್ನ ನೀನೇ ತಿನ್ನೋದು ಬಿಡು’ ಅಂದ್ರು.”

ಯಾರೋ ನಗು ತಡೆದುಕೊಂಡರು. ಬೇಕರಿಯವನೇ ಮೂಗು ಒರೆಸಿಕೊಂಡ.

“ಮೇಷ್ಟ್ರು ಮಾತಾಡ್ತಾರಂತೆ?” ಇದು ಮೇಷ್ಟ್ರ ಕಂಪನಿಯ ಹಳೆಯ ಡ್ರೈವರ್. “ಹಾಗಾದ್ರೆ ಗಾಡಿಯವನಿಗೆ ಇಂಜಿನ್ ಆಫ್ ಮಾಡೋದು ಬೇಡ ಅನ್ನಿ. ಶುರು ಆಯ್ತು ಅನ್ನೋದ್ರೊಳಗೆ ಮುಗ್ಸಿರ್ತಾರೆ. ಒಂದು ಪದ ಹೆಚ್ಚಿಲ್ಲ, ಕಮ್ಮಿ ಇಲ್ಲ.”

“ಅಮ್ಮನ ಬಗ್ಗೆನೂ ಹಾಗೇ ಹೇಳ್ತಾರೇನೋ ಮಾಮ,” ಎಂದಳು ಮಗಳು. ಅವಳ ಸ್ವರದಲ್ಲಿ ದೂರು ಇರಲಿಲ್ಲ. ಮೇಷ್ಟ್ರಿಗೆ ಅದೇ ಹೆಚ್ಚು ತಾಗಿತು.

*

ಹೆಂಡತಿ ಅವರ ಭಾಷಣ ಕೇಳಲು ಹೊರಗೆ ಬಂದದ್ದು ಒಂದೇ ಸಲ. ಕಾಗದದ ಕಾರ್ಖಾನೆಯವರು ಮನೆಯವರನ್ನೂ ಕರೆದಿದ್ದರು. ಅವಳು ತಾನೇ ಹೊಲಿದ ಹೊಸ ರವಿಕೆ ತೊಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದಳು. ಸಭೆಯಲ್ಲಿ ಕೊನೆಯ ಸಾಲನ್ನು ನೋಡಿ ಮಾತಾಡಬೇಕೆಂಬುದು ಮೇಷ್ಟ್ರ ನಿಯಮ. ಹಾಗಾಗಿ ಅಂದು ಅವಳನ್ನೇ ನೋಡುತ್ತ ಮಾತಾಡಿದರು. ಅವಳು ಏನನ್ನೋ ಕಾಯುವವಳ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿ ಕೂತಿದ್ದಳು. ಚಪ್ಪಾಳೆ ಬಿದ್ದಾಗ ಎಲ್ಲರಿಗಿಂತ ತಡವಾಗಿ ಕೈ ತಟ್ಟಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು. “ಆ ಕಾವಲುಗಾರನ ವಿಷಯ ಹೇಳಲೇ ಇಲ್ಲ?”

“ತೆಗೆದೆ. ಎಳೀತಿತ್ತು.”

“ಹೌದಾ,” ಎಂದು ಅವಳು ಕಿಟಕಿಯ ಆಚೆ ನೋಡಿದಳು. ಒಪ್ಪಿದಳೆಂದೇ ಅವರು ತಿಳಿದಿದ್ದರು.

*

ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ನಾದಿನಿ, ಹೆಂಡತಿಯ ತಂಗಿ. ಅಳುವುದು ಮುಗಿದು ಕಣ್ಣು ಊದಿಕೊಂಡಿತ್ತು.

“ಭಾವ, ಗಾಡಿ ಹೊರಟಿದೆಯಂತೆ. ನೀವಿನ್ನೂ ಇಲ್ಲೇ ಇದೀರಲ್ಲ.”

ಮೇಷ್ಟ್ರು ಹಾಳೆಯನ್ನು ನೋಡಿದರು, ಸ್ಟೂಲನ್ನು ನೋಡಿದರು. ಕೇಳಲು ನಾಚಿಕೆಯಾಯಿತು. ಆದರೂ ಕೇಳಿದರು.

“ಸ್ವಲ್ಪ ಹೊತ್ತು ಅಲ್ಲಿ ಕೂತು ತುಳೀತೀಯಾ? ಏನೂ ಹೊಲಿಯೋದು ಬೇಡ. ಸುಮ್ಮನೆ ತುಳಿ. ಆ ಸದ್ದಿಲ್ಲದೆ ನನಗೆ ಮಾತು ಬರ್ತಿಲ್ಲ.”

ನಾದಿನಿ ಅವರ ಮುಖವನ್ನೇ ನೋಡಿದಳು. ಆಮೇಲೆ ಹೋಗಿ ಕೂತು ಕಾಲಾಡಿಸಿದಳು. ಚಕ್ರ ತಿರುಗಿತು. ಆ ಸದ್ದು ಕಿವಿಗೆ ಬಿದ್ದದ್ದೇ ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಶಿಸ್ತು, ಶ್ರಮ, ಮಿತವ್ಯಯ ಎಂದು ಮೂರೂ ಅಂಶಗಳನ್ನು ಒಂದೂ ತಪ್ಪದೆ ಹೇಳಿ ಮುಗಿಸಿದರು. ಯಂತ್ರ ಎಲ್ಲಿಯೂ ನಿಲ್ಲಲಿಲ್ಲ.

“ನಿಲ್ಲಲಿಲ್ಲ. ಹಾಗಾದ್ರೆ ಸರಿಯಾಗಿದೆ,” ಎಂದರು.

“ಏನು ನಿಲ್ಲಲಿಲ್ಲ?”

“ಮಿಷನ್. ಬೇಸರ ಬಂದ ಕಡೆ ನಿಮ್ಮಕ್ಕ ಮಿಷನ್ ನಿಲ್ಲಿಸೋಳು. ಆ ಭಾಗವನ್ನ ನಾನು ಹೊಡೆದು ಹಾಕ್ತಿದ್ದೆ. ಅದರಿಂದಲೇ ನಾನು ನಾಲ್ಕು ಜನರ ಮುಂದೆ ನಿಲ್ಲೋ ಹಾಗಾದದ್ದು.”

ನಾದಿನಿಯ ಕಾಲು ನಿಂತಿತು. ಚಕ್ರ ತಾನಾಗಿ ಒಂದು ಸುತ್ತು ತಿರುಗಿ ಸುಮ್ಮನಾಯಿತು.

“ಬೇಸರ ಅಂತ ಯಾರು ಹೇಳಿದ್ರು ಭಾವ ನಿಮಗೆ?”

“ಯಾರು ಹೇಳ್ಬೇಕು? ನನಗೆ ತಿಳಿಯಲ್ವಾ?”

ಅವಳು ಮಡಿಲಿನಲ್ಲಿ ಕೈ ಇಟ್ಟುಕೊಂಡು ಕೂತಳು. ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದಂತಿತ್ತು. ಕೊನೆಗೆ ಕಿಟಕಿಯ ಕಡೆಗೇ ತಿರುಗಿ ಹೇಳಿದಳು.

“ಅಕ್ಕ ನನ್ನ ಹತ್ರ ಹೇಳೋಳು. ‘ಒಂದೊಂದು ಕಡೆ ಎಷ್ಟು ಚೆನ್ನಾಗಿ ಹೇಳ್ತಾರೆ ಅಂದ್ರೆ ಕಣ್ಣು ಮಂಜಾಗುತ್ತೆ ಕಣೇ, ಸೂಜಿ ಕಾಣಲ್ಲ. ಬೆರಳು ಹೊಲ್ಕೊಂಡೇನು ಅಂತ ಮಿಷನ್ ನಿಲ್ಲಿಸ್ತೀನಿ. ಆಮೇಲೆ ನೋಡಿದ್ರೆ ಅದನ್ನೇ ತೆಗೆದು ಹಾಕಿರ್ತಾರೆ’ ಅಂತ.”

ಮೇಷ್ಟ್ರು ಹಾಳೆಯನ್ನು ಮಡಿಸಿ ಬೀರುವಿನ ಮೇಲಿಟ್ಟರು.

“ನನಗೆ ಯಾಕೆ ಹೇಳಲಿಲ್ಲ?”

“ನಾನೂ ಕೇಳ್ದೆ. ‘ಅವರ ಕೆಲಸ ಅವರಿಗೆ ಗೊತ್ತಿರುತ್ತೆ. ನನಗೆ ಅಳು ಬಂತು ಅಂತ ಕಾರ್ಖಾನೆಯವರಿಗೆ ಅದು ಯಾಕೆ ಬೇಕು’ ಅಂದ್ಲು.” ಅವಳು ಮುಖ ಒರೆಸಿಕೊಂಡಳು. “ನಾನು ಇವತ್ತು ಇದನ್ನ ಹೇಳ್ಬಾರದಿತ್ತು ಭಾವ.”

ಮೇಷ್ಟ್ರು ಬೀರುವಿನ ಅಂಚನ್ನು ಹಿಡಿದು ನಿಂತರು. ಹೆಂಡತಿ ಮೆಚ್ಚಿದ್ದ ಒಂದೊಂದು ಮಾತನ್ನೂ ತಮ್ಮ ಕೈಯಾರೆ ಕಳೆದಿದ್ದರು. ಉಳಿದ ಶೇಷವನ್ನು ಹೊತ್ತುಕೊಂಡು ಊರೂರು ತಿರುಗಿ ಚಪ್ಪಾಳೆ ಗಿಟ್ಟಿಸಿದ್ದರು. ಬಸ್ಸಿನ ಕಿಟಕಿಯ ಕಡೆ ತಿರುಗಿದ ಆ ಮುಖವನ್ನು ಅಂದು ಒಮ್ಮೆ ಬಾಗಿ ನೋಡಿದ್ದರೆ ಸಾಕಿತ್ತು.

ಹೊರಗೆ ಗಾಡಿ ನಿಂತ ಸದ್ದಾಯಿತು. “ಅಪ್ಪಾ,” ಎಂದು ಮಗಳು ಕರೆದಳು.

*

ಮೇಷ್ಟ್ರು ಹೆಂಡತಿಯ ತಲೆಯ ಬಳಿ ನಿಂತರು. ಹಾಳೆ ಕೈಯಲ್ಲಿರಲಿಲ್ಲ. ಹಳೆಯ ಅಭ್ಯಾಸದಂತೆ ಕಣ್ಣು ಕೊನೆಯ ಸಾಲನ್ನು ಹುಡುಕಿತು. ಅಲ್ಲಿ, ಹಿಂದಿನ ಕೋಣೆಯ ಹೊಸ್ತಿಲಲ್ಲಿ, ನಾದಿನಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಇವಳಿಗೆ ಇಷ್ಟವಾಗಿದ್ದ ಒಂದು ಮಾತಿದೆ,” ಎಂದರು. “ನಾನು ಇವಳೊಬ್ಬಳ ಮುಂದೆ ಮಾತ್ರ ಹೇಳಿದ್ದು. ಅದನ್ನ ಹೇಳ್ತೀನಿ.”

ಅವರ ಧ್ವನಿ ಎಲ್ಲರಿಗೂ ಕೇಳಿಸುವಷ್ಟಿತ್ತು.

“ಒಂದು ಗೋದಾಮಿಗೆ ಹಗಲು ಹೊತ್ತಿನಲ್ಲೇ ಬೆಂಕಿ ಬಿತ್ತು. ಅಲ್ಲಿನ ಕಾವಲುಗಾರ ಒಬ್ಬೊಬ್ಬರನ್ನೂ ಕೈ ಹಿಡಿದು ಹೊರಗೆ ತಂದ. ತಾನೂ ಬಂದ. ಬಂದ ಮೇಲೆ ಅವನಿಗೆ ಊಟದ ಡಬ್ಬಿ ನೆನಪಾಯ್ತು. ಹೊಸ ಡಬ್ಬಿ. ಹೆಂಡತಿ ಅವತ್ತೇ ಮೊದಲ ಸಲ ಅದರಲ್ಲಿ ಊಟ ಕಟ್ಟಿಕೊಟ್ಟಿದ್ಲು. ತರ್ತೀನಿ ಅಂತ ಒಳಗೆ ಹೋದ.”

ಡ್ರೈವರ್ ಬೇಕರಿಯವನ ಮುಖ ನೋಡಿದ. ಬೇಕರಿಯವನು ತಲೆ ತಗ್ಗಿಸಿದ. ಮಗಳು ತಂದೆಯನ್ನೇ ನೋಡುತ್ತಿದ್ದಳು, ಅವರನ್ನು ಹಿಂದೆಂದೂ ಕಂಡಿರದವಳ ಹಾಗೆ.

“ಸಂಜೆ ಆ ಡಬ್ಬಿಯನ್ನ ಅವನ ಹೆಂಡತಿಗೆ ಕೊಟ್ರು. ಮಸಿ ಹಿಡಿದಿತ್ತು. ಆಕೆ ಅಳಲಿಲ್ಲ. ಕಷ್ಟಪಟ್ಟು ಮುಚ್ಚಳ ತೆಗೆದು ಒಳಗೆ ನೋಡಿದ್ಲು. ಖಾಲಿ ಇತ್ತು. ಆಕೆ ಹೇಳಿದ್ದು ಇಷ್ಟೇ: ‘ಸದ್ಯ, ಊಟ ಮಾಡಿದಾರೆ.’”

ಮೇಷ್ಟ್ರು ನಿಲ್ಲಿಸಿದರು. ಯಂತ್ರ ನಿಲ್ಲುತ್ತಿದ್ದದ್ದು ಇಲ್ಲಿಯೇ.

ಇದರ ಮುಂದೆ ಒಂದು ವಾಕ್ಯವಿತ್ತು. ಬೆಂಕಿ ಬಿದ್ದಾಗ ಯಾವ ವಸ್ತುವಿಗಾಗಿಯೂ ಒಳಗೆ ಹೋಗಬಾರದು ಎಂಬ ವಾಕ್ಯ. ಅದು ಅವರಿಗೆ ಬಾಯಿಪಾಠವಾಗಿತ್ತು. ಅವರು ಅದನ್ನು ಹೇಳಲಿಲ್ಲ. ಗಾಡಿಯವನು ಬಾಗಿಲಲ್ಲಿ ಟೋಪಿ ತೆಗೆದು ನಿಂತಿದ್ದ. ಯಾರೂ ಕದಲಲಿಲ್ಲ. ಮೇಷ್ಟ್ರು ಒಂದು ಕಿವಿಯನ್ನು ಹಿಂದಿನ ಕೋಣೆಯ ಕಡೆಗೆ ತುಸು ತಿರುಗಿಸಿ, ಚಕ್ರ ಮತ್ತೆ ತಿರುಗುವುದನ್ನು ಕಾಯುತ್ತ ನಿಂತೇ ಇದ್ದರು.