ಮುಚ್ಚಳದ ಸದ್ದು

ಮುಚ್ಚಳ ಸದ್ದಾಯಿತು. ಅತ್ತಿಗೆ ತಿರುಗಿ ನೋಡುವಷ್ಟರಲ್ಲಿ ನಾದಿನಿಯ ಕೈ ಏಪ್ರನ್ನಿನ ಜೇಬಿಗೆ ಇಳಿದಿತ್ತು. ಗಟ್ಟಿಸಾರಿನ ಪಾತ್ರೆಯ ಮೇಲೆ ಮುಚ್ಚಳ ಮಾತ್ರ ಇನ್ನೂ ಸಣ್ಣಗೆ ನಡುಗುತ್ತಿತ್ತು.

"ಏನ್ ಹಾಕ್ದೆ?"

"ಏನಿಲ್ಲ ಅತ್ತಿಗೆ. ಕುದೀತಿದೆಯಾ ಅಂತ ನೋಡ್ದೆ ಅಷ್ಟೆ."

ಕುದಿಯುವುದನ್ನು ತಿಳಿಯಲು ಮುಚ್ಚಳ ತೆಗೆಯಬೇಕಾಗಿರಲಿಲ್ಲ. ಪಾತ್ರೆ ಬೆಳಗಿನಿಂದ ಗುಳುಗುಳು ಅನ್ನುತ್ತಲೇ ಇತ್ತು, ಕಿವಿ ಇದ್ದವರಿಗೆ ಅಷ್ಟು ಸಾಕು. ಎದುರಿಗೆ ಶನಿವಾರದ ಸಾಲು ಬೆಳೆಯುತ್ತಿತ್ತು, ಜಗಳಕ್ಕೆ ಅದು ಹೊತ್ತಲ್ಲ. ಆದರೆ ನಾದಿನಿಯ ಜೇಬಿನೊಳಗೆ ಪುಟ್ಟದೊಂದು ಡಬ್ಬಿಯ ಆಕಾರ ಎದ್ದು ಕಾಣುತ್ತಿದ್ದುದನ್ನು ಅವಳು ಆ ದಿನವೆಲ್ಲ ಮರೆಯಲಿಲ್ಲ.

ನಾದಿನಿ ಹಾಗೆ ಕರೆಯುವುದನ್ನು ಕೇಳಿ ಕೇಳಿ ಫುಡ್ ಕೋರ್ಟಿನವರಿಗೆಲ್ಲ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು. ಅವರ ಅಂಗಡಿಯಲ್ಲಿ ಸಿಗುತ್ತಿದ್ದುದು ಎರಡೇ: ರಾಮೆನ್ ಮತ್ತು ಅದ್ದುವ ನೂಡಲ್ಸ್. ರಾಮೆನ್ ಅಂದರೆ ದೊಡ್ಡ ಬಟ್ಟಲ ತುಂಬ ತಿಳಿಸಾರು, ಅದರಲ್ಲೇ ಮುಳುಗಿದ ನೂಡಲ್ಸ್. ಇನ್ನೊಂದರದು ಬೇರೆ ಕ್ರಮ. ನೂಡಲ್ಸನ್ನು ಬೇಯಿಸಿ, ತಣ್ಣೀರಿನಲ್ಲಿ ಉಜ್ಜಿ ತೊಳೆದು, ತಟ್ಟೆಯಲ್ಲಿ ಹಾಗೆಯೇ ಕೊಡುವುದು. ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿ ಬಿಸಿ ಗಟ್ಟಿಸಾರು. ಅದ್ದಿ ಅದ್ದಿ ತಿನ್ನಬೇಕು. ನೂಡಲ್ಸ್ ಮುಗಿದ ಮೇಲೆ ತಳದಲ್ಲಿ ಉಳಿದ ಗಟ್ಟಿಸಾರಿಗೆ ತಿಳಿಸಾರು ಬೆರೆಸಿಕೊಂಡು ಕುಡಿಯುವುದು ರೂಢಿ. ಅದಕ್ಕೆಂದೇ ಕೌಂಟರಿನ ಮೇಲೊಂದು ಫ್ಲಾಸ್ಕು. ಜನ ಫ್ಲಾಸ್ಕಿಗೆ ಕೈ ಹಾಕುತ್ತಿದ್ದಾರೆಂದರೆ ಗಟ್ಟಿಸಾರು ಹದವಾಗಿದೆ ಎಂದೇ ಲೆಕ್ಕ, ಬೇರೆ ಯಾರ ಸರ್ಟಿಫಿಕೇಟೂ ಬೇಡ ಎನ್ನುತ್ತಿದ್ದ ಗಂಡ.

ಗಂಡ ಈ ವಿದ್ಯೆಯನ್ನು ಹಡಗಿನ ಅಡುಗೆಮನೆಯಲ್ಲಿ ಕಲಿತು ತಂದಿದ್ದ. ತಂಗಿಗೆ ನೂಡಲ್ಸ್ ಮತ್ತು ತಿಳಿಸಾರಿನ ಕೆಲಸ ಹೇಳಿಕೊಟ್ಟ, ಹೆಂಡತಿಗೆ ಗಟ್ಟಿಸಾರಿನ ಅಳತೆ. "ಇದು ಒಂದೇ ಕೈಯಲ್ಲಿರ್ಬೇಕು," ಅಂದಿದ್ದ. ಆಮೇಲೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಳಿತವನು ಏಳಲೇ ಇಲ್ಲ. ಅಂಗಡಿ ಇದ್ದುದು ಮಾವನ ಹೆಸರಿನಲ್ಲಿ, ಮಾವನಿಗೆ ಉಳಿದದ್ದು ಮಗಳೊಬ್ಬಳೇ. ಅತ್ತಿಗೆಗೆ ಆ ಅಂಗಡಿಯಲ್ಲಿ, ಆ ಮನೆಯಲ್ಲಿ, ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಆ ಪಾತ್ರೆ ಮತ್ತು ಅದರೊಳಗಿನ ಸೌಟು.

ಇಷ್ಟೇ ಆಗಿದ್ದರೆ ಅವಳು ನಿಶ್ಚಿಂತೆಯಾಗಿರಬಹುದಿತ್ತು. ಆದರೆ ಕಳೆದ ಚಳಿಗಾಲದ ಜ್ವರ ಹೋಗುವಾಗ ಅವಳ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಸೋಪಿಗೆ ವಾಸನೆಯಿಲ್ಲ, ಸೀಮೆಎಣ್ಣೆಗೆ ವಾಸನೆಯಿಲ್ಲ, ಹುರಿದ ಒಣಮೀನಿಗೂ ಇಲ್ಲ. ಮೂಗಿನ ಹಿಂದೆಯೇ ರುಚಿಯೂ ಹೊರಟಿತು. ಉಪ್ಪು, ಹುಳಿ ಅಂತ ನಾಲಗೆಯ ತುದಿಗೆ ಏನೋ ತಗುಲಿದಂತಾಗುತ್ತಿತ್ತು, ಅಷ್ಟೆ. ಅವಳು ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಳತೆಯ ಲೋಟ ನಂಬಿ ಮಾಡುತ್ತಾ ಬಂದಳು. ಬೇರೆಯವರು "ಘಮ್ ಅಂತಿದೆ" ಅಂದಾಗ ತಾನೂ "ಘಮ್ ಅಂತಿದೆ" ಅಂದಳು. ನಾಲಗೆ ಮಾಡಬೇಕಾದ ಕೆಲಸವನ್ನು ಕಣ್ಣಿಗೆ ಒಪ್ಪಿಸಿದಳು: ಮೊದಲ ತುತ್ತು ಅದ್ದಿದವರ ಮುಖ ನೋಡುವುದು, ಹುಬ್ಬು ನೋಡುವುದು, ವಾಪಸು ಬಂದ ಬಟ್ಟಲಿನ ತಳ ನೋಡುವುದು. ಹಗಲೆಲ್ಲ ಹೀಗೆ ಮುಖ ಓದುತ್ತಿದ್ದವರಿಗೆ ಪ್ರತಿ ಮುಖದಲ್ಲೂ ಏನೋ ಒಂದು ಕಾಣತೊಡಗುವುದು ಸಹಜ.

ತಲೆಗೆ ಹುಳ ಬಿಟ್ಟವನು ಪಕ್ಕದ ಹಣ್ಣಿನ ರಸದ ಅಂಗಡಿಯವನು. ಎಲ್ಲರ ಬಾಯಲ್ಲೂ ಅವನು ಜ್ಯೂಸಣ್ಣ. ಕಿತ್ತಳೆ ಹಿಂಡುತ್ತಾ ಅವನು ಊರವರ ಗುಟ್ಟನ್ನೂ ಹಿಂಡಿ ಸೋಸಿಡುತ್ತಿದ್ದ.

"ಅತ್ತಿಗೆ, ನಾನು ಹೇಳ್ದೆ ಅಂತ ಹೇಳ್ಬೇಡಿ," ಅಂದ ಶನಿವಾರ ಸಂಜೆ ಮೇಜು ಒರೆಸುವಾಗ. "ಮೂಲೇಲಿ ಆ ಖಾಲಿ ಅಂಗಡಿ ಇದೆಯಲ್ಲ, ಅದಕ್ಕೆ ಯಾರೋ ಗಿರಾಕಿ ಬಂದಿದಾರಂತೆ. ಮೊನ್ನೆ ನಿಮ್ಮ ನಾದಿನಿ ಮ್ಯಾನೇಜರ್ ರೂಮಿನಲ್ಲಿ ಕೂತು ಬಹಳ ಹೊತ್ತು ಮಾತಾಡ್ತಿದ್ರು. ಬಾಗಿಲು ಹಾಕ್ಕೊಂಡು."

"ಏನು ಮಾತು?"

"ಅಯ್ಯೋ, ಬಾಗಿಲು ಹಾಕಿದ್ರು ಅಂತಿದೀನಲ್ಲ. ನಾನೇನು ಬಾಗಿಲಿಗೆ ಕಿವಿ ಕೊಟ್ಟು ನಿಲ್ಲೋ ಪೈಕಿನಾ?"

ಆ ಪೈಕಿಯೇ ಅವನು. ಆದರೆ ಅತ್ತಿಗೆಗೆ ಅದನ್ನು ಯೋಚಿಸುವ ವ್ಯವಧಾನವಿರಲಿಲ್ಲ. ಡಬ್ಬಿ, ಮುಚ್ಚಳ, ಮ್ಯಾನೇಜರು, ಖಾಲಿ ಅಂಗಡಿ ಎಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡವು. ನನ್ನ ಸಾರಿಗೆ ಏನನ್ನೋ ಹಾಕಿ ಕೆಡಿಸುವುದು, ಅತ್ತಿಗೆಯ ಕೈ ಕೆಟ್ಟಿತು ಅಂತ ಜನರ ಬಾಯಲ್ಲಿ ಬರುವಂತೆ ಮಾಡುವುದು, ಆಮೇಲೆ ತನ್ನದೇ ಅಂಗಡಿ ತೆರೆಯುವುದು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ನಾದಿನಿ ತೂಕಡಿಸಿ ಅವಳ ಭುಜಕ್ಕೆ ತಲೆ ವಾಲಿಸಿದಳು. ಎಷ್ಟು ನಿರಾಳವಾಗಿ ನಿದ್ದೆ ಬರುತ್ತದೆ ನೋಡು ಇವಳಿಗೆ, ಅಂದುಕೊಂಡಳು ಅತ್ತಿಗೆ. ಭುಜವನ್ನು ಮಾತ್ರ ಅಲ್ಲಾಡಿಸಲಿಲ್ಲ.

ಭಾನುವಾರ ಅವಳು ಪಾತ್ರೆ ಬಿಟ್ಟು ಕದಲಲಿಲ್ಲ. ಗಟ್ಟಿಸಾರಿಗೆಂದು ಹೊಸ ಮೂಟೆಯ ಒಣಮೀನನ್ನು ತಾನೇ ಹುರಿದಳು, ತಾನೇ ಪುಡಿ ಮಾಡಿದಳು, ಸೋಯಾ ಸಾಸನ್ನು ಬೆಳಕಿಗೆ ಹಿಡಿದು ಅಳೆದಳು. ಮುಚ್ಚಳದ ಮೇಲೆ ಸೌಟನ್ನು ಅಡ್ಡವಿಟ್ಟಳು, ಯಾರಾದರೂ ಎತ್ತಿದರೆ ಠಣ್ ಎಂದು ಬೀಳಲಿ ಅಂತ. ನಾದಿನಿ ಒಂದು ಸಲ ಬಳಿಗೆ ಬಂದು ಪಾತ್ರೆಯ ಕಡೆ ಬಗ್ಗಿ ಮೂಗರಳಿಸಿದಳು. ಅವಳ ಮುಖ ತಟ್ಟನೆ ಬದಲಾಯಿತು.

"ಅತ್ತಿಗೆ, ನೀವು ಹೋಗಿ ಒಂದು ಲೋಟ ಟೀ ಕುಡ್ಕೊಂಡು ಬನ್ನಿ. ನಾನು ನೋಡ್ಕೊತೀನಿ."

"ನನಗೆ ಟೀ ಬೇಡ."

"ಬೆಳಗಿನಿಂದ ನಿಂತಿದೀರಿ. ಕಾಲು ನೋಯಲ್ವಾ?"

"ನನ್ನ ಕಾಲು. ನೋಯ್ಲಿ ಬಿಡು."

ನಾದಿನಿ ಏನೋ ಹೇಳಲು ಹೋಗಿ ನುಂಗಿಕೊಂಡು ನೂಡಲ್ಸಿನ ಕಡೆ ಹೋದಳು. ಸಿಕ್ಕಿಬಿದ್ದಳು, ಅಂದುಕೊಂಡಳು ಅತ್ತಿಗೆ. ಎಷ್ಟೋ ದಿನದ ಮೇಲೆ ಅವಳಿಗೆ ಗೆದ್ದಂತೆನಿಸಿತು.

ಮಧ್ಯಾಹ್ನಕ್ಕೆ ಫುಡ್ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರು ತಿನ್ನುತ್ತಿದ್ದರೆ ಅವರ ಕುರ್ಚಿಯ ಹಿಂದೆ ಇನ್ನೊಬ್ಬರು ಟ್ರೇ ಹಿಡಿದು ನಿಂತು, ಯಾವಾಗ ಏಳುತ್ತೀರಿ ಎಂಬಂತೆ ಉಸಿರು ಬಿಡುತ್ತಿದ್ದರು. ಮಕ್ಕಳು ಕಿರುಚುತ್ತಿದ್ದವು. ಆರ್ಡರು ಸಿದ್ಧವಾದಾಗ ನಡುಗುವ ಪ್ಲಾಸ್ಟಿಕ್ ಬಿಲ್ಲೆಗಳು ಮೇಜುಗಳ ಮೇಲೆ ಗುರ್ ಎನ್ನುತ್ತಿದ್ದವು. ಅತ್ತಿಗೆ ಬಟ್ಟಲಿಗೆ ಗಟ್ಟಿಸಾರು ಸುರಿಯುತ್ತಾ ಒಂದು ಕಣ್ಣನ್ನು ಮೇಜುಗಳ ಮೇಲೆ ಇಟ್ಟಿದ್ದಳು.

ಬೇಸರದ ಮುಖದ ಹುಡುಗಿಯೊಬ್ಬಳು ನೂಡಲ್ಸನ್ನು ಅದ್ದಿ ಬಾಯಿಗಿಟ್ಟು, ಎದುರಿಗಿದ್ದ ಗೆಳತಿಯನ್ನು ನೋಡಿದಳು. ಗೆಳತಿ ತನ್ನ ರಾಮೆನ್ ಬಟ್ಟಲನ್ನು ಮೆಲ್ಲಗೆ ಅವಳ ಕಡೆ ಸರಿಸಿದಳು. ಇನ್ನೊಂದು ಮೇಜಿನಲ್ಲಿ ಅಪ್ಪನೊಬ್ಬ ಮಗನಿಗೆ "ಸುಮ್ನೆ ತಿನ್ನು" ಎಂದು ಗದರಿ, ತಾನು ಒಂದು ತುತ್ತು ತಿಂದು, ಮತ್ತೆ ಗದರಲಿಲ್ಲ. ಟ್ರೇಗಳು ವಾಪಸು ಬರತೊಡಗಿದವು. ರಾಮೆನ್ ಬಟ್ಟಲುಗಳು ನೆಕ್ಕಿದಂತೆ ಖಾಲಿ. ಗಟ್ಟಿಸಾರಿನ ಬಟ್ಟಲುಗಳು ಕೊಟ್ಟಷ್ಟೇ ತುಂಬಿಕೊಂಡು, ಮೇಲೊಂದು ಕೆನೆ ಕಟ್ಟಿಕೊಂಡು ಬಂದವು. ಫ್ಲಾಸ್ಕನ್ನು ಯಾರೂ ಮುಟ್ಟಲಿಲ್ಲ.

ಆದರೂ ಅತ್ತಿಗೆಗೆ ಇನ್ನೊಂದು ಆಸೆಯಿತ್ತು. ಮೇಲಿನ ಮಹಡಿಯಲ್ಲಿ ಕ್ಲಿನಿಕ್ಕಿದ್ದ ಹಲ್ಲಿನ ಡಾಕ್ಟರು ಪ್ರತಿ ಭಾನುವಾರ ಕಂಬದ ಪಕ್ಕದ ಮೇಜಿನಲ್ಲಿ ಅದ್ದುವ ನೂಡಲ್ಸ್ ತಿಂದು, ಫ್ಲಾಸ್ಕಿನಿಂದ ಎರಡೆರಡು ಸಲ ಬೆರೆಸಿಕೊಂಡು ಕುಡಿದೇ ಏಳುವವರು. ಇವತ್ತು ಅವರು ನಾಲ್ಕು ಎಳೆ ಅದ್ದಿ ತಿಂದರು. ನಿಲ್ಲಿಸಿದರು. ಉಳಿದ ನೂಡಲ್ಸನ್ನು ಏನೂ ಅದ್ದದೆ ಬರಿದೇ ತಿಂದು, ಟ್ರೇ ತಂದಿಟ್ಟರು.

"ಡಾಕ್ಟ್ರೇ, ಫ್ಲಾಸ್ಕು ಇಲ್ಲೇ ಇದೆ."

"ಇವತ್ತು ಬೇಡಮ್ಮ. ಹೊಟ್ಟೆ ಸ್ವಲ್ಪ ಸರಿಯಿಲ್ಲ."

ಹಲ್ಲು ಕೀಳುವ ಮುಂಚೆ 'ಏನೂ ನೋವಾಗಲ್ಲ' ಅನ್ನುವ ದನಿಯಲ್ಲೇ ಅವರು ಅದನ್ನು ಹೇಳಿದರು. ಹೇಳಿ, ಪಕ್ಕದ ಅಂಗಡಿಗೆ ಹೋಗಿ ದೊಡ್ಡ ಲೋಟ ಕಿತ್ತಳೆ ರಸ ಕೊಂಡು ನಿಂತಲ್ಲೇ ಕುಡಿದರು. ಜ್ಯೂಸಣ್ಣ ಅತ್ತಿಗೆಯ ಕಡೆ ನೋಡಿ ಕಣ್ಣು ತಪ್ಪಿಸಿದ.

ಅತ್ತಿಗೆ ಡಾಕ್ಟರ ಬಟ್ಟಲನ್ನು ಎತ್ತಿಕೊಂಡು ಹಿಂದಿನ ಸಿಂಕಿಗೆ ಹೋದಳು. ನಾದಿನಿ ಮೊಣಕೈವರೆಗೆ ತಣ್ಣೀರಿನಲ್ಲಿ ಕೈ ಅದ್ದಿ ನೂಡಲ್ಸ್ ಉಜ್ಜುತ್ತಿದ್ದಳು.

"ಏನು ಬೆರೆಸ್ದೆ ಹೇಳು."

"ಯಾವುದಕ್ಕೆ?"

"ನನ್ನ ಮುಖ ನೋಡಿ ಹೇಳು. ಏನು ಹಾಕಿ ಕೆಡಿಸ್ದೆ ನನ್ನ ಸಾರನ್ನ? ಆ ಡಬ್ಬೀಲಿ ಏನಿದೆ?"

ನಾದಿನಿ ಕೈ ಝಾಡಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅತ್ತಿಗೆ ಹುಡುಕಿದ್ದು ಅದನ್ನೇ, ಸಿಟ್ಟು ಅಥವಾ ಕಳ್ಳಗಣ್ಣು.

"ಇವತ್ತು ಏನೂ ಹಾಕಿಲ್ಲ ಅತ್ತಿಗೆ," ಅಂದಳು. "ನೀವು ಹಾಕೋಕೆ ಬಿಡ್ಲಿಲ್ವಲ್ಲ."

ಹೊರಗೆ ಯಾರದೋ ಬಿಲ್ಲೆ ಗುರ್ ಎನ್ನುತ್ತಲೇ ಇತ್ತು. ಅತ್ತಿಗೆಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೆಳಗಿನಿಂದ ಆ ಪಾತ್ರೆಯನ್ನು ಮುಟ್ಟಿದ್ದು ಒಂದೇ ಕೈ. ಕಾವಲು ಕಾದವಳೂ ಅವಳೇ, ಕೆಡಿಸಿದವಳೂ ಅವಳೇ.

ನಾದಿನಿ ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮುಂದೆ ಹಿಡಿದಳು. ಒಳಗೆ ಕಂದುಬಣ್ಣದ ಪುಡಿ. ಅತ್ತಿಗೆ ಅಭ್ಯಾಸಬಲದಿಂದ ಮೂಗಿನ ಹತ್ತಿರ ಒಯ್ದಳು. ಬರಿಯ ಗಾಳಿ. ಮೆಣಸು ಅನ್ನಲೇ, ಶುಂಠಿ ಅನ್ನಲೇ ಎಂದು ಬಾಯಿ ತೆರೆದು, ಹಾಗೆಯೇ ನಿಂತಳು.

"ಒಣಗಿಸಿದ ಕಿತ್ತಳೆ ಸಿಪ್ಪೆ, ಹುರಿದ ಎಳ್ಳು," ಅಂದಳು ನಾದಿನಿ ಮೆಲ್ಲಗೆ. "ಈ ಮೂಟೆ ಮೀನಿಗೆ ಮುಗ್ಗು ಹಿಡಿದಿದೆ. ಬೆಳಿಗ್ಗೆ ಪಾತ್ರೆ ಹತ್ರ ಬಗ್ಗಿದಾಗ್ಲೇ ಗೊತ್ತಾಯ್ತು. ಇದಿಷ್ಟು, ಒಂಚೂರು ವಿನೆಗರ್ ಹಾಕಿದ್ರೆ ಅಡಗ್ತಿತ್ತು. ನೀವು ಬೆಂಕಿ ಮುಂದಿನಿಂದ ಅಲ್ಲಾಡ್ಲೇ ಇಲ್ಲ."

"ಯಾವಾಗಿಂದ ಗೊತ್ತು ನಿನಗೆ?"

"ಮನೇಲಿ ಹಾಲು ಸೀದು ಹೋಯ್ತಲ್ಲ, ಅವತ್ತಿನಿಂದ. ನಾನು ಹೊರಗಿನ ಗೇಟಿನಿಂದ ಓಡಿ ಬಂದೆ. ನೀವು ಒಲೆ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಬಿಡಿಸ್ತಿದ್ರಿ."

ಇಷ್ಟು ದಿನ! ಅತ್ತಿಗೆಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಘಮ್ ಅಂತಿದೆ ಎಂದು ತಾನು ಅಂದಾಗಲೆಲ್ಲ ಇವಳು ಹೂಂಗುಟ್ಟುತ್ತಿದ್ದಳಲ್ಲ. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು.

"ಮ್ಯಾನೇಜರ್ ಹತ್ರ ಇದನ್ನೇ ಹೇಳ್ಕೊಂಡು ಬಂದ್ಯಾ? ಬಾಗಿಲು ಹಾಕ್ಕೊಂಡು?"

"ಯಾರೋ ಕಂಪ್ಲೇಂಟ್ ಕೊಟ್ಟಿದ್ರು, ಸಾರು ಸೀದ ವಾಸನೆ ಅಂತ. ಅವತ್ತು ನಾನು ಜ್ವರ ಅಂತ ಬಂದಿರ್ಲಿಲ್ಲ ನೋಡಿ. ನಾನೇ ಒಲೆ ಸಣ್ಣ ಮಾಡೋದು ಮರೆತೆ ಅಂದೆ."

"ನೀನು ಬಂದೇ ಇರ್ಲಿಲ್ವಲ್ಲ."

"ಅದು ಅವರಿಗೇನು ಗೊತ್ತು?"

ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಇಷ್ಟು ತಿಂಗಳು ಮುಖ ಓದಿ ಓದಿ ಕಣ್ಣು ತಾನಾಗಿಯೇ ಸುಳ್ಳನ್ನು ಹುಡುಕುತ್ತಿತ್ತು. ಹುಬ್ಬಿನಲ್ಲಿ ಹುಡುಕಿತು, ತುಟಿಯ ಅಂಚಿನಲ್ಲಿ ಹುಡುಕಿತು. ಅಲ್ಲಿ ದಣಿವೊಂದು ಬಿಟ್ಟರೆ ಬೇರೇನೂ ಸಿಗಲಿಲ್ಲ.

"ಆ ಮೂಲೆ ಅಂಗಡಿ?"

"ಯಾವ ಮೂಲೆ ಅಂಗಡಿ?" ನಾದಿನಿಗೆ ನಿಜಕ್ಕೂ ತಿಳಿದಿರಲಿಲ್ಲ. ಆಮೇಲೆ ಪಕ್ಕದ ಅಂಗಡಿಯ ಕಡೆ ಒಮ್ಮೆ ನೋಡಿ, "ಓ, ಜ್ಯೂಸಣ್ಣನಾ?" ಎಂದು ನಕ್ಕುಬಿಟ್ಟಳು. "ಅತ್ತಿಗೆ, ನನಗೆ ಗಟ್ಟಿಸಾರು ಮಾಡೋಕೇ ಬರಲ್ಲ. ನೀವು ಮಾಡಿದ್ದನ್ನ ಸರಿಮಾಡೋಕೆ ಬರುತ್ತೆ, ಅಷ್ಟೆ. ಅಣ್ಣ ನನಗೆ ಅಳತೆ ಹೇಳ್ಕೊಡ್ಲಿಲ್ವಲ್ಲ."

"ನನಗೊಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ನೀವು ಅವತ್ತೇ ಸೌಟು ಕೆಳಗಿಡ್ತಿದ್ರಿ. ನನಗೆ ಗೊತ್ತಿಲ್ವಾ ನಿಮ್ಮನ್ನ?"

ಅತ್ತಿಗೆಗೆ ಅಳು ಬರುವಂತಾಯಿತು, ಅಳುವಷ್ಟು ಬಿಡುವಿರಲಿಲ್ಲ. ಕೌಂಟರಿನ ಆಚೆ ಯಾರೋ "ಇಲ್ಲಿ ಯಾರೂ ಇಲ್ವಾ?" ಎಂದು ಕೂಗಿದರು. ಸಾಲು ಕಂಬವನ್ನು ಸುತ್ತಿಕೊಂಡು ಜ್ಯೂಸಣ್ಣನ ಅಂಗಡಿಯವರೆಗೆ ಹೋಗಿತ್ತು. ಅವನು ಹಣ್ಣು ಹಿಂಡುವುದನ್ನು ಬಿಟ್ಟು ಇತ್ತಲೇ ಕತ್ತು ಚಾಚಿದ್ದ.

ಅತ್ತಿಗೆ ಒಲೆಯ ಹತ್ತಿರ ಹೋದಳು. ಮುಚ್ಚಳದ ಮೇಲೆ ಅಡ್ಡವಿಟ್ಟಿದ್ದ ಸೌಟನ್ನು ತೆಗೆದು ಪಕ್ಕಕ್ಕಿಟ್ಟಳು. ಡಬ್ಬಿ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಸೌಟಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಳು. ಆಮೇಲೆ ಸಿಂಕಿಗೆ ಬಂದು, ನಾದಿನಿಯನ್ನು ಭುಜದಿಂದ ಮೆಲ್ಲಗೆ ಸರಿಸಿ, ತೋಳು ಮಡಚಿ, ನೂಡಲ್ಸಿನ ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ಕೊರೆಯುತ್ತಿತ್ತು. ಅವಳ ಬೆನ್ನು ಪಾತ್ರೆಯ ಕಡೆಗಿತ್ತು.

ಹಿಂದೆ ಮುಚ್ಚಳ ಸದ್ದಾಯಿತು. ಅತ್ತಿಗೆ ತಿರುಗಲಿಲ್ಲ. ತೊಳೆದಾಗಿದ್ದ ನೂಡಲ್ಸನ್ನೇ ಇನ್ನೊಂದು ಸಲ, ನಿಧಾನವಾಗಿ ತೊಳೆದಳು.